ಬ್ಯಾಂಕಿನ ಪಿಡಿಎಫ್ ಅನ್ನು ನೀವೇ ಓದಿಕೊಳ್ಳಿ: ಸ್ಕ್ರೀನ್ ರೀಡರ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ತಿಂಗಳ ಮೊದಲ ವಾರ ಬ್ಯಾಂಕಿನಿಂದ ಇಮೇಲ್ ಬರುತ್ತದೆ, ಜೊತೆಗೆ ಒಂದು ಪಿಡಿಎಫ್. ಪಾಸ್‌ವರ್ಡ್ ಹಾಕಿ ತೆರೆದರೆ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ದೃಷ್ಟಿ ಇಲ್ಲದ ನಮಗೆ ಓದಿ ಹೇಳುವ ತಂತ್ರಾಂಶ, ಒಂದೋ "ಎಂಪ್ಟಿ ಡಾಕ್ಯುಮೆಂಟ್" ಎಂದು ಸುಮ್ಮನಾಗುತ್ತದೆ, ಇಲ್ಲವೇ ತಾರೀಕು, ಚೆಕ್ ನಂಬರ್, ಮೊತ್ತ ಎಲ್ಲವನ್ನೂ ಕಲಸಿ ಒಂದೇ ಉಸಿರಿಗೆ ಓದುತ್ತದೆ. ಆಗ ಮಗನನ್ನೋ ಪಕ್ಕದ ಮನೆಯವರನ್ನೋ ಕರೆಯುತ್ತೇವೆ. ನಮ್ಮ ಖಾತೆಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಟ್ಟೆವು ಅನ್ನೋದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಮುಜುಗರ ಒಂದು ಕಡೆ ಇರಲಿ, ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. 2017ರಲ್ಲಿ ಆರ್‌ಬಿಐ ತಂದ ನಿಯಮ ನೋಡಿ. ನಿಮ್ಮದೂ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಯಾರೋ ನಿಮ್ಮ ಖಾತೆಯಿಂದ ಆನ್‌ಲೈನ್‌ನಲ್ಲಿ ಹಣ ಹೊಡೆದರು ಅಂದುಕೊಳ್ಳಿ. ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳ ಒಳಗೆ ತಿಳಿಸಿದರೆ ನಿಮಗೆ ಒಂದು ರೂಪಾಯಿಯೂ ನಷ್ಟವಿಲ್ಲ. 4ರಿಂದ 7 ಕೆಲಸದ ದಿನವಾದರೆ ಒಂದು ಮಿತಿಯವರೆಗೆ ನೀವು ಹೊರಬೇಕು. ಅದೂ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಗಿದೆಯೋ ಹಾಗೆ. ಮಗ ಭಾನುವಾರ ಊರಿಗೆ ಬಂದಮೇಲೆ ಓದಿಸಿಕೊಳ್ಳೋಣ ಅಂತ ಕೂತರೆ ಆ 3 ದಿನ ಯಾವಾಗ ಮುಗಿಯಿತು ಅಂತಲೇ ತಿಳಿಯುವುದಿಲ್ಲ.

ಹೀಗಾಗಿ ಈ ಬರಹದಲ್ಲಿ ಎರಡು ಕೆಲಸ ಇವೆ. ಕೈಯಲ್ಲಿರುವ ಪಿಡಿಎಫ್ ಅನ್ನು ಇವತ್ತೇ ಹೇಗೆ ಓದುವುದು ಅನ್ನೋದು ಒಂದು. ಮುಂದಿನ ತಿಂಗಳಿಂದ ಸರಿಯಾದ ಪಿಡಿಎಫ್ ಕಳಿಸುವಂತೆ ಬ್ಯಾಂಕನ್ನು ಹೇಗೆ ಕೇಳುವುದು ಅನ್ನೋದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಪ್ರತಿ ತಿಂಗಳೂ ಇದೇ ಒದ್ದಾಟ.

ಬೇಕಾದ ಸಾಮಾನು

ವಿಂಡೋಸ್ ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಸಾಕು. ಅದು ಪೂರ್ತಿ ಉಚಿತ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಇರುವವರು ಅದನ್ನೇ ಬಳಸಿ. ಟೇಬಲ್ ಓದುವ ಕೀಗಳು ಹೆಚ್ಚುಕಡಿಮೆ ಒಂದೇ. ಪಿಡಿಎಫ್ ತೆರೆಯಲು ಅಡೋಬಿ ರೀಡರ್ ಹಾಕಿಕೊಳ್ಳಿ. ಎಡ್ಜ್, ಕ್ರೋಮ್ ಬ್ರೌಸರ್‌ಗಳಲ್ಲೂ ಪಿಡಿಎಫ್ ತೆರೆಯುತ್ತದೆ ನಿಜ. ಆದರೆ ಫೈಲ್‌ನಲ್ಲಿ ಏನು ತೊಂದರೆ ಇದೆ ಅಂತ ಪತ್ತೆ ಹಚ್ಚಲು ಅಡೋಬಿ ರೀಡರ್ ವಾಸಿ. ಫೋನಿನಲ್ಲಾದರೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್.

ಧ್ವನಿಯ ಬಗ್ಗೆ ಒಂದು ಮಾತು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡ ಇದೆ. ಆದರೆ ಸ್ಟೇಟ್‌ಮೆಂಟ್ ಓದುವಾಗ ಇಂಗ್ಲಿಷ್ ಧ್ವನಿಯನ್ನೇ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ನಮ್ಮ ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ವಿವರದ ಕಾಲಂ ಪೂರ್ತಿ ಯುಪಿಐ, ನೆಫ್ಟ್, ಐಎಂಪಿಎಸ್ ಅಂತ ಇಂಗ್ಲಿಷ್ ತುಣುಕುಗಳೇ ತುಂಬಿರುತ್ತವೆ. ಸಾಲದ ಪತ್ರ ಕನ್ನಡದಲ್ಲಿ ಬಂದಾಗ ಕನ್ನಡ ಧ್ವನಿಗೆ ಬದಲಿಸಿಕೊಂಡರಾಯಿತು.

ಶುರು ಮಾಡುವ ಮೊದಲು ಇಯರ್‌ಫೋನ್ ಹಾಕಿಕೊಳ್ಳಿ. ಪರದೆಯನ್ನೂ ಮುಚ್ಚಿ: ಎನ್‌ವಿಡಿಎಯಲ್ಲಿ ಸ್ಕ್ರೀನ್ ಕರ್ಟನ್ ಎಂಬ ಸೌಲಭ್ಯವಿದೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆ ಕಪ್ಪಾಗುತ್ತದೆ, ನಿಮಗೆ ಮಾತ್ರ ಕೇಳಿಸುತ್ತದೆ. ಐಫೋನಿನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿ. ಬಸ್ಸಿನಲ್ಲಿ ಪಕ್ಕ ಕೂತವರು ನಮ್ಮ ಬ್ಯಾಲೆನ್ಸ್ ಓದುತ್ತಿದ್ದಾರೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಹಂತ 1: ಬೀಗ ತೆಗೆಯುವುದು

ಪಾಸ್‌ವರ್ಡ್ ಏನು ಅನ್ನೋದನ್ನು ಬ್ಯಾಂಕ್ ಇಮೇಲ್‌ನಲ್ಲೇ ಹೇಳಿರುತ್ತದೆ. ತಮಾಷೆ ಅಂದರೆ ಎಷ್ಟೋ ಸಲ ಆ ಇಮೇಲ್ ಪೂರ್ತಿ ಒಂದು ಚಿತ್ರ. ಕಾಣುವವರಿಗೆ ಬಣ್ಣಬಣ್ಣದ ಸೂಚನೆ, ನಮಗೆ "ಗ್ರಾಫಿಕ್". ಹೀಗಾದರೆ ಬ್ಯಾಂಕಿನ ವೆಬ್‌ಸೈಟಿನ ಸಾಮಾನ್ಯ ಪ್ರಶ್ನೆಗಳ ಪುಟದಲ್ಲಿ ಹುಡುಕಿ, ಅಥವಾ ಕಾರ್ಡಿನ ಹಿಂದಿರುವ ಗ್ರಾಹಕ ಸೇವಾ ಸಂಖ್ಯೆಗೆ ಫೋನ್ ಮಾಡಿ. ಪಾಸ್‌ವರ್ಡಿನ ಮಾದರಿಯನ್ನು ಅವರು ಹೇಳಬಹುದು. ಓಟಿಪಿ, ಪಿನ್ ಕೇಳಿದರೆ ಫೋನ್ ಇಡಿ.

ಸಾಮಾನ್ಯವಾಗಿ ಕಾಣುವ ಮಾದರಿಗಳು ಇವು: ಹುಟ್ಟಿದ ದಿನ, ತಿಂಗಳು, ವರ್ಷ ಸೇರಿ 8 ಅಂಕಿ, ಗ್ರಾಹಕ ಸಂಖ್ಯೆ, ಮೊಬೈಲ್ ನಂಬರಿನ ಕೊನೆಯ ಕೆಲವು ಅಂಕಿ ಮತ್ತು ಹುಟ್ಟಿದ ದಿನ, ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ದಿನ, ತಿಂಗಳು. ಈ ಕೊನೆಯದು ನಮ್ಮ ಕಡೆಯವರಿಗೆ ತಲೆನೋವು. ಹೆಸರಿನ ಮುಂದೆ ಊರು, ತಂದೆಯ ಇನಿಷಿಯಲ್ ಇಟ್ಟುಕೊಳ್ಳುವ ಜನ ನಾವು. ಮೊದಲ ನಾಲ್ಕು ಅಕ್ಷರ ಅಂದರೆ ಇನಿಷಿಯಲ್ ಸೇರಿಯೋ, ಬಿಟ್ಟೋ? ನಡುವಿನ ಚುಕ್ಕೆ, ಖಾಲಿ ಜಾಗ ಲೆಕ್ಕಕ್ಕೆ ಬರುತ್ತಾ? ಪಾಸ್‌ಬುಕ್ಕಿನಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೇ ಮೊದಲು ಪ್ರಯತ್ನಿಸಿ. ಆಗದಿದ್ದರೆ ಚುಕ್ಕೆ, ಖಾಲಿ ಜಾಗ ಬಿಟ್ಟು ಹಾಕಿ. ಅದೂ ಆಗದಿದ್ದರೆ ದೊಡ್ಡಕ್ಷರವನ್ನು ಚಿಕ್ಕಕ್ಷರ ಮಾಡಿ.

ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದೆಲ್ಲ "ಸ್ಟಾರ್, ಸ್ಟಾರ್" ಅಂತಲೇ ಕೇಳುವುದರಿಂದ ಎಲ್ಲಿ ತಪ್ಪಿತು ತಿಳಿಯುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಬರೆದು, ಒಂದೊಂದೇ ಅಕ್ಷರ ಕೇಳಿ ಖಚಿತ ಮಾಡಿಕೊಂಡು, ಕಾಪಿ ಮಾಡಿ ಅಂಟಿಸಿ. ಆಮೇಲೆ ನೋಟ್‌ಪ್ಯಾಡನ್ನು ಸೇವ್ ಮಾಡದೆ ಮುಚ್ಚಿಬಿಡಿ.

ಇಲ್ಲೊಂದು ಎಚ್ಚರಿಕೆ. ಪ್ರತಿ ಸಲ ಪಾಸ್‌ವರ್ಡ್ ಹಾಕುವ ಗೋಜು ಬೇಡ ಅಂತ ಕೆಲವರು ಫೈಲನ್ನು "ಪ್ರಿಂಟ್ ಟು ಪಿಡಿಎಫ್" ಮಾಡಿ ಬೀಗವಿಲ್ಲದ ಪ್ರತಿ ಮಾಡಿಕೊಳ್ಳುತ್ತಾರೆ. ಕಾಣುವವರಿಗೆ ಎರಡೂ ಒಂದೇ. ನಮಗೆ ಅಲ್ಲ. ಹಾಗೆ ಮಾಡಿದರೆ ಒಳಗಿದ್ದ ಟ್ಯಾಗ್‌ಗಳು ಅಳಿಸಿಹೋಗುತ್ತವೆ, ಚೆನ್ನಾಗಿದ್ದ ಫೈಲ್ ಕೆಡುತ್ತದೆ. ಮನೆಯವರು "ನಾನೇ ಪಾಸ್‌ವರ್ಡ್ ತೆಗೆದು ವಾಟ್ಸ್‌ಆ್ಯಪ್ ಮಾಡ್ತೀನಿ" ಅಂದರೆ ಬೇಡ, ಮೂಲ ಫೈಲೇ ಕಳಿಸಿ ಅನ್ನಿ.

ಹಂತ 2: ಯಾವ ಜಾತಿಯ ಪಿಡಿಎಫ್ ಅಂತ ಗುರುತಿಸುವುದು

ಇದೇ ಇಡೀ ಕೆಲಸದ ಕೀಲಿ. ಪಿಡಿಎಫ್ ಓದುತ್ತಿಲ್ಲ ಎಂದಾಗ ಜಾಸ್ತಿ ಜನ ಸ್ಕ್ರೀನ್ ರೀಡರನ್ನೇ ಬೈಯುತ್ತಾರೆ. ತೊಂದರೆ ಇರುವುದು ಫೈಲ್ ಹುಟ್ಟಿದ ರೀತಿಯಲ್ಲಿ. ಒಂದು ನಿಮಿಷ ಕೊಟ್ಟು ಅದು ಯಾವುದು ಅಂತ ತಿಳಿದುಕೊಂಡರೆ ಮುಂದಿನ ದಾರಿ ತಾನಾಗಿ ಸಿಗುತ್ತದೆ.

ಅಡೋಬಿ ರೀಡರಿನಲ್ಲಿ ಫೈಲ್ ತೆರೆದು ಕಂಟ್ರೋಲ್ ಜೊತೆ ಡಿ ಒತ್ತಿ. ಡಾಕ್ಯುಮೆಂಟ್ ಪ್ರಾಪರ್ಟೀಸ್ ಬರುತ್ತದೆ. ಡಿಸ್ಕ್ರಿಪ್ಷನ್ ಟ್ಯಾಬಿನ ಕೊನೆಯ ಕಡೆ "ಟ್ಯಾಗ್ಡ್ ಪಿಡಿಎಫ್: ಯೆಸ್" ಅಥವಾ "ನೋ" ಎಂದಿರುತ್ತದೆ. ಟ್ಯಾಗ್ ಅಂದರೆ ಇದು ಶೀರ್ಷಿಕೆ, ಇದು ಟೇಬಲ್, ಇದು ಆ ಟೇಬಲ್ಲಿನ ಮೂರನೇ ಕಾಲಂ ಎಂದು ಫೈಲ್ ಒಳಗೇ ಬರೆದಿಟ್ಟ ಗುರುತು. ಅದಿಲ್ಲದ ಪಿಡಿಎಫ್‌ಗೆ "1,999.00" ಅನ್ನೋದು ಪುಟದ ಇಂಥ ಜಾಗದಲ್ಲಿ ಬಿಡಿಸಿದ ಅಂಕಿ ಅಷ್ಟೇ. ಅದು ಜಮೆಯೋ ಖರ್ಚೋ ಫೈಲಿಗೇ ಗೊತ್ತಿಲ್ಲ.

ಅದೇ ಕಿಟಕಿಯಲ್ಲಿ ಸೆಕ್ಯುರಿಟಿ ಟ್ಯಾಬಿಗೂ ಹೋಗಿ. ಅಲ್ಲಿ "ಕಂಟೆಂಟ್ ಕಾಪಿಯಿಂಗ್ ಫಾರ್ ಆ್ಯಕ್ಸೆಸಿಬಿಲಿಟಿ" ಎಂಬ ಸಾಲು ಇದೆ. ಮುಂದೆ "ಅಲೌಡ್" ಇದ್ದರೆ ಸರಿ. "ನಾಟ್ ಅಲೌಡ್" ಇದ್ದರೆ ಫೈಲ್ ಮಾಡಿದವರು ಕಾಪಿ ತಡೆಯಲು ಹೋಗಿ ಸ್ಕ್ರೀನ್ ರೀಡರಿಗೂ ಬಾಗಿಲು ಹಾಕಿದ್ದಾರೆ ಅಂತ ಅರ್ಥ. ಎರಡೂ ಬೇರೆ ಬೇರೆ ಆಯ್ಕೆಗಳು. ಕಾಪಿ ತಡೆದೂ ಸ್ಕ್ರೀನ್ ರೀಡರಿಗೆ ಅವಕಾಶ ಕೊಡಬಹುದು. ಪಿಡಿಎಫ್‌ನ ಹೊಸ 2.0 ಮಾನಕದಲ್ಲಂತೂ ಸ್ಕ್ರೀನ್ ರೀಡರನ್ನು ತಡೆಯುವ ಈ ಆಯ್ಕೆಯನ್ನೇ ಕೈಬಿಡಲಾಗಿದೆ. "ಭದ್ರತೆಗಾಗಿ ಹೀಗೆ ಮಾಡಿದ್ದೇವೆ" ಎಂದು ಬ್ಯಾಂಕಿನವರು ಹೇಳಿದರೆ ಒಪ್ಪಬೇಡಿ.

ಈಗ ಫಲಿತಾಂಶ ನೋಡಿ. ಟ್ಯಾಗ್ ಇದ್ದರೆ ಹಂತ 3ಕ್ಕೆ ಹೋಗಿ. ಟ್ಯಾಗ್ ಇಲ್ಲ, ಆದರೆ ಮಾತು ಕೇಳಿಸುತ್ತದೆ ಅಂದರೆ ಹಂತ 4. ಏನೂ ಕೇಳಿಸದೆ "ಎಂಪ್ಟಿ" ಎಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಬೀಗದ ತೊಂದರೆ, ಹಂತ 5. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕೇಳಿಸಿದರೆ ಅದು ಕನ್ನಡದ ಫಾಂಟಿನ ಕಥೆ, ಅದಕ್ಕೆ ಹಂತ 7.

ಹಂತ 3: ಟ್ಯಾಗ್ ಇರುವ ಸ್ಟೇಟ್‌ಮೆಂಟ್

ಟಿ ಒತ್ತಿದರೆ ಮುಂದಿನ ಟೇಬಲ್. ಟೇಬಲ್ ಒಳಗೆ ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀಗಳು: ಕೆಳಗೆ ಒತ್ತಿದರೆ ಅದೇ ಕಾಲಂನ ಮುಂದಿನ ಸಾಲು, ಬಲಕ್ಕೆ ಒತ್ತಿದರೆ ಅದೇ ಸಾಲಿನ ಮುಂದಿನ ಕಾಲಂ. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಕೇಳುತ್ತಾ ಕೂರಬೇಡಿ. ಖರ್ಚಿನ ಕಾಲಂಗೆ ಹೋಗಿ ಕೆಳಕ್ಕೆ ಇಳಿಯುತ್ತಾ ಬನ್ನಿ. ಯಾವುದೋ ಮೊತ್ತ ಅನುಮಾನ ಬಂದರೆ ಎಡಕ್ಕೆ ಹೋಗಿ ತಾರೀಕು, ವಿವರ ಕೇಳಿ. ಕಣ್ಣಿರುವವರು ಓದುವುದೂ ಹೀಗೇ, ಕಾಲಂ ಮೇಲೆ ಕಣ್ಣು ಹಾಯಿಸುತ್ತಾರೆ.

ನಿರ್ದಿಷ್ಟ ವ್ಯವಹಾರ ಹುಡುಕಬೇಕಾದರೆ ಎನ್‌ವಿಡಿಎ ಕೀ, ಕಂಟ್ರೋಲ್, ಎಫ್ ಒತ್ತಿ ಪದ ಟೈಪ್ ಮಾಡಿ. ಎನ್‌ವಿಡಿಎ ಕೀ ಜೊತೆ ಎಫ್3 ಒತ್ತಿದರೆ ಮುಂದಿನದು. ಬ್ಯಾಂಕ್ ಸದ್ದಿಲ್ಲದೆ ಕತ್ತರಿಸುವ ಶುಲ್ಕ ಹಿಡಿಯಲು ಇಂಗ್ಲಿಷಿನಲ್ಲಿ ಚಾರ್ಜ್, ಫೀ, ಜಿಎಸ್‌ಟಿ ಎಂಬ ಮೂರು ಪದ ಹುಡುಕಿದರೆ ಬಹಳಷ್ಟು ಸಿಕ್ಕಿಬೀಳುತ್ತವೆ.

ಕಿವಿಯಿಂದ ಅಂಕಿ ಓದುವಾಗ ಕೆಲವು ಮೋಸಗಳಿವೆ. ಡೆಬಿಟ್ ಎಂಬುದಕ್ಕೆ ಹಾಕುವ ಎರಡಕ್ಷರದ ಗುರುತನ್ನು ಕೆಲವು ಧ್ವನಿಗಳು "ಡಾಕ್ಟರ್" ಎಂದು ಓದುತ್ತವೆ. ಮೊದಲ ಸಲ ಕೇಳಿದವರು ಇದ್ಯಾವ ಡಾಕ್ಟರಿಗೆ ದುಡ್ಡು ಕೊಟ್ಟೆ ಅಂತ ಗಾಬರಿಯಾಗುವುದುಂಟು. ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿದ 1,25,000 ಕೂಡ ಕೆಲವು ಧ್ವನಿಗಳಲ್ಲಿ ತುಂಡು ತುಂಡಾಗಿ ಕೇಳಿಸುತ್ತದೆ, ಯಾಕಂದರೆ ಅವಕ್ಕೆ ಗೊತ್ತಿರುವುದು ಸಾವಿರ, ಮಿಲಿಯನ್ನಿನ ಲೆಕ್ಕ. ಅಂಕಿಯ ಕೊನೆಯಲ್ಲಿ ಬರುವ ಮೈನಸ್ ಚಿಹ್ನೆಯಂತೂ ಕೇಳಿಸದೇ ಹೋಗಬಹುದು. ಎನ್‌ವಿಡಿಎ ಕೀ ಜೊತೆ ಪಿ ಒತ್ತಿ ವಿರಾಮಚಿಹ್ನೆಯ ಮಟ್ಟವನ್ನು "ಮೋಸ್ಟ್" ಅಥವಾ "ಆಲ್"ಗೆ ಏರಿಸಿಕೊಳ್ಳಿ. ದೊಡ್ಡ ಮೊತ್ತಗಳನ್ನು ಎಡ, ಬಲ ಬಾಣದಿಂದ ಒಂದೊಂದೇ ಅಂಕಿಯಾಗಿ ಕೇಳಿ.

ಹಂತ 4: ಟ್ಯಾಗ್ ಇಲ್ಲದ, ಆದರೆ ಮಾತಾಡುವ ಪಿಡಿಎಫ್

ತೆರೆದ ಕೂಡಲೇ ಅಡೋಬಿ ರೀಡರ್ "ಇದಕ್ಕೆ ಟ್ಯಾಗ್ ಇಲ್ಲ, ಹೇಗೆ ಓದಲಿ?" ಎಂದು ಕೇಳಬಹುದು. ದಾಖಲೆಯಿಂದ ಓದುವ ಕ್ರಮ ಊಹಿಸು ಎಂಬ ಮೊದಲ ಆಯ್ಕೆ, ಅಂದರೆ "ಇನ್‌ಫರ್ ರೀಡಿಂಗ್ ಆರ್ಡರ್" ಇಟ್ಟು ನೋಡಿ. ಟೇಬಲ್ ಸಿಗಬಹುದು. ಸಿಕ್ಕಿದ್ದೆಲ್ಲ ಕಲಸಿಹೋಗಿದ್ದರೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಎಂಬ ಆಯ್ಕೆಗೆ ಬದಲಿಸಿ. ಸ್ಟೇಟ್‌ಮೆಂಟ್ ಸಾಲು ಸಾಲಾಗಿರುವ ಕಾಗದವಾದ್ದರಿಂದ ಇದೇ ಎಷ್ಟೋ ಸಲ ಕೆಲಸ ಮಾಡುತ್ತದೆ. ಈ ಆಯ್ಕೆ ಪ್ರಿಫರೆನ್ಸಸ್‌ನ ರೀಡಿಂಗ್ ವಿಭಾಗದಲ್ಲಿದೆ. ದೊಡ್ಡ ಫೈಲಾದರೆ ಕಣ್ಣೆದುರಿನ ಪುಟ ಮಾತ್ರ ಓದುವ ವ್ಯವಸ್ಥೆಯೂ ಅಲ್ಲೇ ಇದೆ. "ಇಡೀ ದಾಖಲೆ ಓದು" ಎಂದು ಬದಲಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಪುಟಕ್ಕೇ ಸ್ಟೇಟ್‌ಮೆಂಟ್ ಮುಗಿಯಿತು ಅಂದುಕೊಳ್ಳುತ್ತೀರಿ.

ಆಗಲೂ ಗೊಂದಲವಾದರೆ ಜಾಸ್ತಿ ಹೊತ್ತು ಗುದ್ದಾಡಬೇಡಿ. ನೇರವಾಗಿ ಹಂತ 6ಕ್ಕೆ ಹಾರಿ.

ಹಂತ 5: ಚಿತ್ರವಾಗಿರುವ ಪಿಡಿಎಫ್

ಸಾಲ ಮಂಜೂರಾತಿ ಪತ್ರ, ಶಾಖೆಯಿಂದ ಕಳಿಸುವ ಹಳೆಯ ಸ್ಟೇಟ್‌ಮೆಂಟ್, ಸೀಲು ಸಹಿ ಇರುವ ಪ್ರಮಾಣಪತ್ರ ಎಲ್ಲ ಹೀಗೇ ಬರುತ್ತವೆ. ಅಚ್ಚು ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಇಮೇಲ್ ಮಾಡುತ್ತಾರೆ. ಇದಕ್ಕೆ ಓಸಿಆರ್ ಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ.

ವಿಂಡೋಸ್ 10 ಮತ್ತು ಅದರ ಮುಂದಿನವುಗಳಲ್ಲಿ ಓಸಿಆರ್ ಒಳಗೇ ಇದೆ. ಪರದೆ ಕಪ್ಪಾಗಿದ್ದರೆ ಓಸಿಆರ್ ನಡೆಯುವುದಿಲ್ಲ, ಹಾಗಾಗಿ ಮೊದಲು ಸ್ಕ್ರೀನ್ ಕರ್ಟನ್ ತೆಗೆದು, ಆಮೇಲೆ ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ. ಪರದೆಯ ಮೇಲೆ ಆಗ ಕಾಣುತ್ತಿರುವ ಭಾಗವನ್ನು ಮಾತ್ರ ಅದು ಓದುತ್ತದೆ, ಹಾಗಾಗಿ ಪುಟದಿಂದ ಪುಟಕ್ಕೆ ಹೋಗಿ ಮತ್ತೆ ಮತ್ತೆ ಒತ್ತಬೇಕು. ಓದಿ ಮುಗಿದ ಮೇಲೆ ಎಸ್ಕೇಪ್. ಜಾಸ್‌ನಲ್ಲಿ ಇನ್ಸರ್ಟ್ ಮತ್ತು ಸ್ಪೇಸ್ ಒಟ್ಟಿಗೆ, ಆಮೇಲೆ ಓ, ಆಮೇಲೆ ಡಿ ಒತ್ತಿದರೆ ಇಡೀ ಪಿಡಿಎಫ್ ಓದಿಕೊಡುತ್ತದೆ. ವಿಂಡೋಸಿನ ಒಳಗಿನ ಓಸಿಆರಿಗೆ ಕನ್ನಡ ಬರುವುದಿಲ್ಲ. ಕನ್ನಡ ಪುಟಕ್ಕೆ ಗೂಗಲ್ ಲೆನ್ಸ್‌ನಂಥದ್ದು ಬೇಕು.

ಓಸಿಆರ್ ಅಕ್ಷರ ತಪ್ಪಿದರೆ ಊಹಿಸಿಕೊಳ್ಳಬಹುದು. ಅಂಕಿ ತಪ್ಪಿದರೆ? 3 ಇದ್ದದ್ದು 8 ಆಗುತ್ತದೆ, ದಶಮಾಂಶದ ಚುಕ್ಕೆ ಮಾಯವಾಗುತ್ತದೆ, ಸಾವಿರ ಲಕ್ಷವಾಗುತ್ತದೆ. ಆದರೆ ಸ್ಟೇಟ್‌ಮೆಂಟಿನ ಒಳಗೇ ಅದನ್ನು ಪರೀಕ್ಷಿಸುವ ದಾರಿ ಇದೆ: ಹಿಂದಿನ ಸಾಲಿನ ಬ್ಯಾಲೆನ್ಸ್‌ಗೆ ಜಮೆ ಕೂಡಿಸಿ ಅಥವಾ ಖರ್ಚು ಕಳೆದರೆ ಈ ಸಾಲಿನ ಬ್ಯಾಲೆನ್ಸ್ ಬರಲೇಬೇಕು. 12,450 ಇತ್ತು, 1,999 ಹೋಯಿತು ಅಂದರೆ 10,451 ಇರಬೇಕು. ಓಸಿಆರ್ 10,461 ಎಂದರೆ ಈ ಸಾಲಿನ ಯಾವುದೋ ಒಂದು ಅಂಕಿ ತಪ್ಪು ಎಂದು ಖಚಿತ. ಓಸಿಆರ್‌ನಿಂದ ಓದಿದ ಮೊತ್ತ ನಂಬಿ ಯಾರಿಗೂ ಹಣ ಕಳಿಸಬೇಡಿ, ಈ ಪರೀಕ್ಷೆ ಮಾಡದೆ.

"ಉಚಿತವಾಗಿ ಪಿಡಿಎಫ್ ಬದಲಿಸಿಕೊಡುತ್ತೇವೆ" ಎನ್ನುವ ವೆಬ್‌ಸೈಟುಗಳಿಗೆ ಸ್ಟೇಟ್‌ಮೆಂಟ್ ಏರಿಸಲೇಬೇಡಿ. ನಿಮ್ಮ ಹೆಸರು, ವಿಳಾಸ, ಖಾತೆ ಸಂಖ್ಯೆ, ಯಾರಿಗೆ ಯಾವಾಗ ದುಡ್ಡು ಕೊಟ್ಟಿರಿ, ಎಲ್ಲ ಅದರಲ್ಲಿದೆ. ವಿಡಿಯೋ ಕರೆಯಲ್ಲಿ ಸ್ವಯಂಸೇವಕರು ಓದಿಕೊಡುವ ಆ್ಯಪ್‌ಗಳು ಔಷಧಿ ಡಬ್ಬಿಗೆ, ಬಸ್ ಬೋರ್ಡಿಗೆ ಬಹಳ ಒಳ್ಳೆಯವು. ಕಾರ್ಡು, ಸ್ಟೇಟ್‌ಮೆಂಟ್, ಪಿನ್ ಬಂದ ಲಕೋಟೆಗೆ ಮಾತ್ರ ಬೇಡ.

ಹಂತ 6: ಪಿಡಿಎಫ್ ಬಿಟ್ಟು ಎಕ್ಸೆಲ್

ನನ್ನನ್ನು ಕೇಳಿದರೆ ಸ್ಟೇಟ್‌ಮೆಂಟಿಗೆ ಪಿಡಿಎಫ್‌ಗಿಂತ ಎಕ್ಸೆಲ್ ನೂರು ಪಾಲು ಮೇಲು. ಪುರಾವೆಗೆ ಪಿಡಿಎಫ್, ಓದಲು ಎಕ್ಸೆಲ್. ನೆಟ್ ಬ್ಯಾಂಕಿಂಗ್‌ನಲ್ಲಿ ಸ್ಟೇಟ್‌ಮೆಂಟ್ ಇಳಿಸುವ ಜಾಗದಲ್ಲಿ ಫೈಲಿನ ಬಗೆ ಆರಿಸಿಕೊಳ್ಳುವ ಪಟ್ಟಿ ಹಲವು ಬ್ಯಾಂಕುಗಳಲ್ಲಿ ಇದೆ. ಪಿಡಿಎಫ್ ಮೊದಲೇ ಆಯ್ಕೆಯಾಗಿರುತ್ತದೆ, ಹಾಗಾಗಿ ಯಾರೂ ಮುಂದೆ ನೋಡುವುದಿಲ್ಲ. ಬಾಣದ ಕೀ ಒತ್ತಿ ನೋಡಿ: ಎಕ್ಸೆಲ್ ಅಥವಾ ಎಕ್ಸೆಲ್‌ನಲ್ಲೇ ತೆರೆಯುವ ಸಿಎಸ್‌ವಿ ಸಿಗಬಹುದು. ಲಾಗಿನ್‌ನಲ್ಲಿ ಚಿತ್ರದ ಕ್ಯಾಪ್ಚಾ ಅಡ್ಡ ಬಂದರೆ ಪಕ್ಕದಲ್ಲೇ ಆಡಿಯೋ ಕ್ಯಾಪ್ಚಾ ಗುಂಡಿ ಇದೆಯಾ ಹುಡುಕಿ.

ಇಳಿಸಿದ ಫೈಲ್ ತೆರೆಯುವಾಗ "ಫೈಲಿನ ಬಗೆಗೂ ಹೆಸರಿಗೂ ತಾಳೆಯಾಗುತ್ತಿಲ್ಲ" ಎಂದು ಎಕ್ಸೆಲ್ ಎಚ್ಚರಿಸಬಹುದು. ಕೆಲವು ಬ್ಯಾಂಕುಗಳು ಸರಳ ಪಠ್ಯದ ಫೈಲಿಗೆ ಎಕ್ಸೆಲ್ ಹೆಸರು ಕೊಟ್ಟು ಕಳಿಸುವುದರಿಂದ ಹೀಗಾಗುತ್ತದೆ. ನೀವೇ ಈಗಷ್ಟೇ ಬ್ಯಾಂಕಿನ ತಾಣದಿಂದ ಇಳಿಸಿದ್ದಾದರೆ ಯೆಸ್ ಒತ್ತಿ. ಬೇರೆ ಎಲ್ಲಿಂದಲೋ ಬಂದದ್ದಾದರೆ ಬೇಡ.

ತೆರೆದ ಮೇಲೆ ಮೊದಲ ಹತ್ತು ಹದಿನೈದು ಸಾಲು ಹೆಸರು, ವಿಳಾಸ, ಶಾಖೆ ಇರುತ್ತದೆ. ಕೆಳಗಿಳಿದು ತಾರೀಕು, ವಿವರ, ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಎಂಬ ತಲೆಸಾಲು ಹುಡುಕಿ. ಆ ಸಾಲಿನ ಮೊದಲ ಕೋಶದಲ್ಲಿ ನಿಂತು ಎನ್‌ವಿಡಿಎ ಕೀ, ಶಿಫ್ಟ್, ಸಿ ಒತ್ತಿ. ಇನ್ನು ಮುಂದೆ ಎಡ, ಬಲ ಸರಿದಾಗಲೆಲ್ಲ "ಡೆಬಿಟ್ 1,999" ಎಂದು ಕಾಲಂನ ಹೆಸರು ಸೇರಿಸಿ ಹೇಳುತ್ತದೆ. ಇದೊಂದು ಕೀ ಕಲಿತರೆ ಅರ್ಧ ಕೆಲಸ ಮುಗಿಯಿತು.

ತಿಂಗಳಿಗೆ ಎಷ್ಟು ಖರ್ಚಾಯಿತು ಬೇಕಾ? ಡೆಬಿಟ್ ಕಾಲಂನ ಅಂಕಿಗಳನ್ನು ಶಿಫ್ಟ್ ಹಿಡಿದು ಆಯ್ದುಕೊಂಡು ಸ್ಟೇಟಸ್ ಬಾರ್ ಓದಿಸಿ: ಡೆಸ್ಕ್‌ಟಾಪ್ ಕೀಲಿಮಣೆಯಲ್ಲಿ ಎನ್‌ವಿಡಿಎ ಕೀ ಜೊತೆ ಎಂಡ್, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಜೊತೆಗೆ ಶಿಫ್ಟ್ ಕೂಡ. ಮೊತ್ತ, ಸರಾಸರಿ, ಎಷ್ಟು ವ್ಯವಹಾರ ಎಲ್ಲ ಹೇಳುತ್ತದೆ. ಮೊತ್ತ ಹೇಳದೆ ಬರೀ ಎಣಿಕೆ ಹೇಳಿದರೆ ಬ್ಯಾಂಕ್ ಅಂಕಿಗಳನ್ನು ಪಠ್ಯವಾಗಿ ತುಂಬಿಸಿದೆ ಎಂದರ್ಥ; ಅವನ್ನು ಸಂಖ್ಯೆಯಾಗಿ ಬದಲಿಸಬೇಕು. ಕಂಟ್ರೋಲ್, ಶಿಫ್ಟ್, ಎಲ್ ಒತ್ತಿದರೆ ಫಿಲ್ಟರ್ ಬರುತ್ತದೆ, ವಿವರದ ಕಾಲಂನಲ್ಲಿ ಒಬ್ಬರ ಹೆಸರು ಹಾಕಿ ಅವರಿಗೆ ಕಳಿಸಿದ್ದಷ್ಟನ್ನೇ ನೋಡಬಹುದು.

ಒಂದು ನೆನಪಿರಲಿ: ಪಿಡಿಎಫ್‌ಗೆ ಪಾಸ್‌ವರ್ಡ್ ಇತ್ತು, ಹೀಗೆ ಇಳಿಸಿದ ಎಕ್ಸೆಲ್‌ಗೆ ಇರದೇ ಹೋಗಬಹುದು. ಸೈಬರ್ ಸೆಂಟರಿನಲ್ಲೋ ಆಫೀಸಿನ ಕಂಪ್ಯೂಟರಿನಲ್ಲೋ ಇಳಿಸಿ ಹಾಗೇ ಬಿಟ್ಟು ಬರಬೇಡಿ.

ಕಂಪ್ಯೂಟರ್ ಇಲ್ಲದವರಿಗೆ ಎಸ್‌ಎಂಎಸ್ ದೊಡ್ಡ ಆಸರೆ. ಅದು ಶುದ್ಧ ಪಠ್ಯ, ಯಾವ ಫೋನಿನಲ್ಲೂ ಓದುತ್ತದೆ. ಬ್ಯಾಂಕಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಬ್ಯಾಂಕಿನ ಆ್ಯಪ್‌ಗಳು ಸ್ಕ್ರೀನ್‌ಶಾಟ್ ತಡೆಯುವುದರಿಂದ ಅಲ್ಲಿ ಓಸಿಆರ್ ನಡೆಯುವುದು ಕಷ್ಟ. ಮಿನಿ ಸ್ಟೇಟ್‌ಮೆಂಟ್ ಪುಟವನ್ನು ಟಾಕ್‌ಬ್ಯಾಕ್ ನೇರವಾಗಿ ಓದುತ್ತದಾ ಪರೀಕ್ಷಿಸಿ ನೋಡಿ.

ಹಂತ 7: ಕನ್ನಡದ ದಾಖಲೆಗಳು

2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ (ರೀಟೇಲ್) ಸಾಲಗಳಿಗೂ, ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಕೊಡುವುದು ಕಡ್ಡಾಯ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ಎಪಿಆರ್ ದರ ಅದರಲ್ಲಿ ಇರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದೂ ಆರ್‌ಬಿಐ ಹೇಳಿದೆ. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. 7 ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲಕ್ಕೆ ಅದನ್ನು ಓದಿ ಒಪ್ಪಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. "ಇಲ್ಲೊಂದು ಸಹಿ ಹಾಕಿ ಸರ್, ಎಲ್ಲಾ ಮಾಮೂಲಿ" ಎಂದು ಮೇಜಿನ ಮೇಲೆ ಕೈ ಹಿಡಿದು ತೋರಿಸಿದಾಗ ಈ 3 ದಿನ ನೆನಪಿಸಿಕೊಳ್ಳಿ. ಫೈಲನ್ನು ಇಮೇಲ್ ಮಾಡಿಸಿಕೊಂಡು ಮನೆಗೆ ಬಂದು ಓದಿ.

ಆದರೆ ಕನ್ನಡದ ಪಿಡಿಎಫ್‌ಗೆ ತನ್ನದೇ ರೋಗಗಳಿವೆ. ಹಳೆಯ ನುಡಿ, ಬರಹ ಫಾಂಟುಗಳು ಆಸ್ಕಿ ಸಂಕೇತದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ಇಂಥ ಪಠ್ಯವನ್ನು ಕಾಪಿ ಮಾಡಿ, ನುಡಿ ಅಥವಾ ಬರಹದ ಜೊತೆ ಬರುವ ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡಕ್ಕೆ ತನ್ನದೇ ಸಂಕೇತವಿರುವ ವ್ಯವಸ್ಥೆ) ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕಾಪಿಗೇ ಬೀಗ ಇದ್ದರೆ ಓಸಿಆರ್ ಒಂದೇ ದಾರಿ.

ಯೂನಿಕೋಡ್ ಫಾಂಟ್ ಬಳಸಿದರೂ ಒತ್ತಕ್ಷರಗಳು ಉದುರಿಹೋಗುವುದುಂಟು. ಪಿಡಿಎಫ್ ಇಟ್ಟುಕೊಳ್ಳುವುದು ಅಕ್ಷರದ ಆಕಾರವನ್ನು. ಯಾವ ಆಕಾರ ಯಾವ ಅಕ್ಷರ ಎಂಬ ಕೋಷ್ಟಕ ಸರಿಯಾಗಿ ಸೇರಿಸದಿದ್ದರೆ ಒತ್ತು, ಕೊಂಬು, ಅರ್ಕಾವೊತ್ತು ಕಳೆದುಹೋಗುತ್ತವೆ. ಇದಕ್ಕೆ ನಮ್ಮ ಕಡೆಯಿಂದ ಮದ್ದಿಲ್ಲ. ಮೂಲ ವರ್ಡ್ ಫೈಲನ್ನೇ ಇಮೇಲ್‌ನಲ್ಲಿ ಕಳಿಸಿ ಎಂದು ಶಾಖೆಯನ್ನು ಕೇಳಿ. ಅಲ್ಲಿ ಯೂನಿಕೋಡ್ ಕನ್ನಡ ಸರಾಗವಾಗಿ ಓದುತ್ತದೆ.

ಹಂತ 8: ಬ್ಯಾಂಕಿಗೆ ಬರೆಯುವುದು

ಬಾಯಲ್ಲಿ ಹೇಳಿದರೆ ಮ್ಯಾನೇಜರ್ ಪ್ರೀತಿಯಿಂದಲೇ "ನೀವು ಬನ್ನಿ, ನಾವೇ ಓದಿ ಹೇಳ್ತೀವಿ" ಎನ್ನುತ್ತಾರೆ. ಒಳ್ಳೆಯ ಮಾತೇ, ಆದರೆ ನಾವು ಕೇಳಿದ್ದು ಅದಲ್ಲ. ಶಾಖೆಯವರು ಸ್ಟೇಟ್‌ಮೆಂಟಿನ ನಮೂನೆ ಬದಲಿಸಲಾರರು. ಅದು ಕೇಂದ್ರ ಕಚೇರಿಯ ಐಟಿ ವಿಭಾಗದಲ್ಲಿ ತಯಾರಾಗುತ್ತದೆ. ಲಿಖಿತ ದೂರು ಮಾತ್ರ ಅಲ್ಲಿಯವರೆಗೆ ಹೋಗುತ್ತದೆ. ಹಂತ 2ರಲ್ಲಿ ಕಂಡುಕೊಂಡ ಕಾರಣವನ್ನು ಹೆಸರಿಸಿ ಬರೆಯಿರಿ. "ಓದಲು ಆಗುತ್ತಿಲ್ಲ" ಎಂದರೆ ಅವರಿಗೆ ಏನು ಮಾಡಬೇಕು ತಿಳಿಯುವುದಿಲ್ಲ. ಒಂದು ಮಾದರಿ:

"ಮಾನ್ಯರೇ, ನಾನು ನಿಮ್ಮ ಶಾಖೆಯ ಖಾತೆದಾರ. ನನಗೆ ದೃಷ್ಟಿ ಇಲ್ಲ, ಸ್ಕ್ರೀನ್ ರೀಡರ್ ಮೂಲಕ ಓದುತ್ತೇನೆ. ನೀವು ಇಮೇಲ್ ಮಾಡುವ ತಿಂಗಳ ಸ್ಟೇಟ್‌ಮೆಂಟಿಗೆ ಟ್ಯಾಗ್‌ಗಳಿಲ್ಲ ಮತ್ತು ಅದರ ಭದ್ರತಾ ಆಯ್ಕೆಯಲ್ಲಿ ಸ್ಕ್ರೀನ್ ರೀಡರಿಗೆ ಅನುಮತಿ ಇಲ್ಲ. ಇನ್ನು ಮುಂದೆ ಟ್ಯಾಗ್ ಇರುವ, ಸ್ಕ್ರೀನ್ ರೀಡರಿಗೆ ಅನುಮತಿ ಇರುವ ಪಿಡಿಎಫ್ ಕಳಿಸಬೇಕೆಂದು ಕೋರುತ್ತೇನೆ. ಅದು ಸಿದ್ಧವಾಗುವವರೆಗೆ ಎಕ್ಸೆಲ್ ರೂಪದಲ್ಲಿ ಕಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42 ಮತ್ತು 46ನೇ ಸೆಕ್ಷನ್‌ಗಳು ಹಾಗೂ 30-4-2025ರ ಸುಪ್ರೀಂ ಕೋರ್ಟ್ ತೀರ್ಪಿನತ್ತ ನಿಮ್ಮ ಗಮನ ಸೆಳೆಯುತ್ತೇನೆ. ದಯವಿಟ್ಟು ದೂರಿನ ಸಂಖ್ಯೆ ಮತ್ತು ಲಿಖಿತ ಉತ್ತರ ಕೊಡಿ."

ಉಲ್ಲೇಖಗಳ ಹಿನ್ನೆಲೆ ತಿಳಿದಿರಲಿ, ಕೇಳಿದರೆ ಹೇಳಬೇಕಾಗುತ್ತದೆ. 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ರೂಪದ ಮಾಹಿತಿ ಎಲ್ಲರೂ ಬಳಸಬಲ್ಲ ರೂಪದಲ್ಲಿ ಇರಬೇಕು ಎನ್ನುತ್ತದೆ. 46ನೆಯದು ಸರ್ಕಾರಿ, ಖಾಸಗಿ ಎರಡೂ ಬಗೆಯ ಸೇವೆ ಕೊಡುವವರಿಗೆ ಅನ್ವಯ. 2025ರ ಏಪ್ರಿಲ್ 30ರ ತೀರ್ಪು ಪ್ರಜ್ಞಾ ಪ್ರಸೂನ್ ಪ್ರಕರಣದ್ದು. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿ ಇಲ್ಲದ ವಕೀಲ ಅಮರ್ ಜೈನ್ ಡಿಜಿಟಲ್ ಕೆವೈಸಿಯ, ಅಂದರೆ ಆನ್‌ಲೈನ್‌ನಲ್ಲಿ ಗುರುತು ಖಚಿತಪಡಿಸುವ ಕ್ರಮದ, ತೊಡಕು ಹಿಡಿದು ಹೋಗಿದ್ದ ಅರ್ಜಿಗಳವು. ಡಿಜಿಟಲ್ ಸೇವೆ ಬಳಸಲು ಆಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ, 20 ನಿರ್ದೇಶನ ಕೊಟ್ಟಿತು. ಚೆಕ್ ಪುಸ್ತಕ, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್ ಯಾವುದನ್ನೂ ಅಂಧರಿಗೆ ನಿರಾಕರಿಸುವಂತಿಲ್ಲ ಎಂದು ಆರ್‌ಬಿಐ 2008ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಿ. ಆರ್‌ಬಿಐನ ದೂರು ನಿರ್ವಹಣಾ ತಾಣ, ಅಂದರೆ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ತಡ ಮಾಡಬೇಡಿ, ದೂರಿಗೆ ಕಾಲಮಿತಿ ಇದೆ. ಹಕ್ಕಿನ ಪ್ರಶ್ನೆಯಾಗಿ ನೋಡುವುದಾದರೆ ದೆಹಲಿಯಲ್ಲಿ ಅಂಗವಿಕಲರ ಮುಖ್ಯ ಆಯುಕ್ತರು, ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರು ಇದ್ದಾರೆ. ಕೀಲಿಮಣೆ, ಸ್ಕ್ರೀನ್ ರೀಡರ್ ಇನ್ನೂ ಕೈಗೆ ಹತ್ತಿಲ್ಲ ಅನ್ನುವವರಿಗೆ ಬೆಂಗಳೂರಿನ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಕಂಪ್ಯೂಟರ್ ತರಬೇತಿ ಕೊಡುತ್ತವೆ.

ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ

ಬ್ಯಾಂಕಿಂಗ್ ತಂತ್ರಾಂಶದ ದೊಡ್ಡ ಪಾಲು ಬೆಂಗಳೂರಿನಲ್ಲೇ ಬರೆಯಲಾಗುತ್ತದೆ, ಹಾಗಾಗಿ ಓದುಗರಲ್ಲಿ ನೀವೂ ಇರಬಹುದು. ಸ್ಟೇಟ್‌ಮೆಂಟುಗಳನ್ನು ಯಾರೂ ಒಂದೊಂದಾಗಿ ಮಾಡುವುದಿಲ್ಲ; ಒಂದು ನಮೂನೆಯಿಂದ ಲಕ್ಷಾಂತರ ಹೊರಬೀಳುತ್ತವೆ. ಆ ಒಂದನ್ನು ಸರಿಮಾಡಿದರೆ ಸಾಕು. ಜಾಸ್ಪರ್ ರಿಪೋರ್ಟ್ಸ್, ಐಟೆಕ್ಸ್ಟ್, ಅಪಾಚೆ ಎಫ್‌ಓಪಿ ಎಲ್ಲದರಲ್ಲೂ ಟ್ಯಾಗ್ ಸಮೇತ ಪಿಡಿಎಫ್ ಹೊರಡಿಸುವ ಆಯ್ಕೆ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಟೇಬಲ್ಲಿನ ತಲೆಸಾಲನ್ನು ತಲೆಸಾಲು ಎಂದೇ ಗುರುತಿಸಿ. ಡೆಬಿಟ್, ಕ್ರೆಡಿಟ್‌ಗೆ ಪ್ರತ್ಯೇಕ ಕಾಲಂ ಕೊಡಿ. ಜಮೆ ಹಸಿರು, ಖರ್ಚು ಕೆಂಪು ಎಂದು ಬಣ್ಣದಲ್ಲಿ ಮಾತ್ರ ಹೇಳಬೇಡಿ. ದಾಖಲೆಯ ಭಾಷೆ, ಶೀರ್ಷಿಕೆ ತುಂಬಿ. ಪ್ರತಿ ಪುಟದ ಲೋಗೋ, ಜಾಹೀರಾತು, ಹಿನ್ನೆಲೆಯ ನೀರುಗುರುತು ಇವನ್ನು ಅಲಂಕಾರ ಎಂದು ಗುರುತಿಸಿದರೆ ಸ್ಕ್ರೀನ್ ರೀಡರ್ ಅವನ್ನು ದಾಟಿ ಹೋಗುತ್ತದೆ. ಪಾಸ್‌ವರ್ಡ್ ಹಾಕುವಾಗ ಸ್ಕ್ರೀನ್ ರೀಡರಿಗೆ ಅನುಮತಿ ಕೊಡುವ ಆಯ್ಕೆ ಬಿಡಬೇಡಿ, ಪಾಸ್‌ವರ್ಡಿನ ಸೂಚನೆಯನ್ನು ಇಮೇಲ್‌ನಲ್ಲಿ ಪಠ್ಯವಾಗಿ ಬರೆಯಿರಿ.

ಅಳತೆಗೋಲು ಬೇಕಾದರೆ ಪಿಡಿಎಫ್‌ಗಾಗಿಯೇ ಇರುವ ಐಎಸ್‌ಓ 14289, ಅಂದರೆ ಪಿಡಿಎಫ್/ಯುಎ ಇದೆ. ಭಾರತದ್ದೇ ಆದ ಐಎಸ್ 17802 ಇದೆ. ಪರೀಕ್ಷೆಗೆ ಪ್ಯಾಕ್ ಮತ್ತು ವೆರಾಪಿಡಿಎಫ್ ಎಂಬ ಉಚಿತ ಸಾಧನಗಳಿವೆ. ಆದರೆ ಸಾಧನ ಹಸಿರು ಗುರುತು ತೋರಿಸಿತು ಎಂದು ಅಲ್ಲಿಗೇ ನಿಲ್ಲಬೇಡಿ. ಟೇಬಲ್‌ಗೆ ಟ್ಯಾಗ್ ಇದೆ ಎಂದು ಅದು ಹೇಳಬಲ್ಲದು, ಕಾಲಂಗಳ ಕ್ರಮಕ್ಕೆ ಅರ್ಥವಿದೆಯೇ ಎಂದು ಹೇಳಲಾರದು. ಆ್ಯಪ್, ವೆಬ್‌ಸೈಟ್ ರೂಪಿಸುವಾಗಿನ ಬಳಕೆದಾರರ ಪರೀಕ್ಷೆಯಲ್ಲಿ ಅಂಧರನ್ನು ಸೇರಿಸಿಕೊಳ್ಳಿ ಎಂದು ಮೇಲಿನ ತೀರ್ಪಿನ ನಿರ್ದೇಶನಗಳೇ ಹೇಳುತ್ತವೆ. ಸ್ಟೇಟ್‌ಮೆಂಟಿಗೂ ಅದನ್ನೇ ಮಾಡಿ. ಒಂದು ವರ್ಷದ ಸ್ಟೇಟ್‌ಮೆಂಟ್ ತಯಾರಿಸಿ, ನಡುವೆ ಎಲ್ಲೋ ಒಂದು ಶುಲ್ಕ ಸೇರಿಸಿ, ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ ಕೊಡಿ. ಪಾಸ್‌ವರ್ಡ್ ಹಾಕುವುದರಿಂದ ಹಿಡಿದು ಆ ಶುಲ್ಕ ಯಾವ ದಿನ, ಎಷ್ಟು ಕತ್ತರಿಸಲಾಗಿದೆ ಎಂದು ಹೇಳುವವರೆಗೆ ಯಾರೂ ಸಹಾಯ ಮಾಡಬೇಡಿ. ಎಲ್ಲಿ ತಡೆಯಿತು ಅಂತ ಅವರು ಹೇಳಿದ್ದನ್ನು ಬರೆದುಕೊಳ್ಳಿ, ನಮೂನೆ ತಿದ್ದಿ, ಮತ್ತೆ ಕೊಡಿ.